ಹನ್ನೊಂದು ಗಂಟೆಯ ಮೌನಕ್ಕೊಂದು ವಿಳಾಸ ಬೇಕು

ಇವರಿಗೆ,
ಮಾನ್ಯ ಮೇಯರ್ ಹಾಗೂ ಆಯುಕ್ತರು,
ಕರ್ನಾಟಕದ ಎಲ್ಲ ಮಹಾನಗರ ಪಾಲಿಕೆಗಳು

ವಿಷಯ: ಜನವರಿ 30ರ (ಗಾಂಧಿ ಹುತಾತ್ಮರಾದ ದಿನದ) ಸರ್ವೋದಯ ದಿನಾಚರಣೆ ಮತ್ತು ನಗರದ ಶಾಂತಿ ಸಭೆಗಳ ಬಗ್ಗೆ

ಮಾನ್ಯರೇ,

ಒಂದೇ ಪತ್ರವನ್ನು ಇಷ್ಟು ಜನರಿಗೆ ಯಾಕೆ ಬರೆಯುತ್ತಿದ್ದೇನೆಂದು ಮೊದಲೇ ಹೇಳಿಬಿಡುತ್ತೇನೆ. ನಾನು ಕಂಡದ್ದು ಒಂದೇ ಊರಿನಲ್ಲಿ. ಅದರ ಹೆಸರು ಬರೆದರೆ ಅಲ್ಲಿಯವರು ಸ್ಪಷ್ಟೀಕರಣ ಕೊಡಲು ಓಡುತ್ತಾರೆ, ಉಳಿದವರು ‘ಸದ್ಯ, ನಮ್ಮದಲ್ಲ’ ಎಂದು ಚಹಾ ತರಿಸಿಕೊಳ್ಳುತ್ತಾರೆ. ಹಾಗಾಗಿ ಹೆಸರು ಬೇಡ. ಓದುತ್ತ ಹೋದಂತೆ ಇದು ನಿಮ್ಮ ಊರೇ ಅನ್ನಿಸಿದರೆ ಹಾಗೇ ಇರಲಿ.

ನಾನು ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ನಮ್ಮಪ್ಪ ಹತ್ತಿ ಮಿಲ್ಲಿನಲ್ಲಿ ಬಾಯ್ಲರ್ ಕೆಲಸಕ್ಕಿದ್ದರು. ಊರಿಗೆಲ್ಲ ಗಡಿಯಾರವೆಂದರೆ ಮಿಲ್ಲಿನ ಸೈರನ್. ಅದನ್ನು ಯಾರೂ ಸೈರನ್ ಅನ್ನುತ್ತಿರಲಿಲ್ಲ, ‘ಮಿಲ್ಲು ಕೂಗಿತು’ ಅನ್ನುತ್ತಿದ್ದೆವು. ಮೊದಲ ಕೂಗಿಗೆ ಅವ್ವನ ಒಲೆ ಹತ್ತಿರಬೇಕು, ಎರಡನೆಯದಕ್ಕೆ ಅಪ್ಪ ಬುತ್ತಿ ಹಿಡಿದು ಹೊಸ್ತಿಲು ದಾಟಿರಬೇಕು. ಪಾಳಿಯ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಮಿಲ್ಲು ಕೂಗುತ್ತಿದ್ದುದು ವರ್ಷಕ್ಕೊಂದೇ ದಿನ: ಜನವರಿ 30ರಂದು, ಬೆಳಗಿನ ಹನ್ನೊಂದಕ್ಕೆ ಇನ್ನೊಂದು ನಿಮಿಷವಿದೆ ಅನ್ನುವಾಗ.

ಏಳನೇ ತರಗತಿಯಲ್ಲಿದ್ದಾಗ ಒಮ್ಮೆ ಆ ದಿನ ಜ್ವರವೆಂದು ಶಾಲೆ ತಪ್ಪಿಸಿ ಅವ್ವನ ಜೊತೆ ಸಂತೆಬೀದಿಯಲ್ಲಿದ್ದೆ. ಮಿಲ್ಲು ಕೂಗಿತು. ಸೈಕಲ್ಲಿನವನು ಒಂದು ಕಾಲು ನೆಲಕ್ಕೂರಿ ನಿಂತ. ಬೆಲ್ಲದಂಗಡಿಯವರು ಎತ್ತಿ ಹಿಡಿದ ತಕ್ಕಡಿಯನ್ನು ಇಳಿಸಲಿಲ್ಲ, ಒಂದು ತಟ್ಟೆ ಮೇಲೆ ಒಂದು ಕೆಳಗೆ ಹಾಗೇ ಉಳಿಯಿತು. ಜಟಕಾವೂ ನಿಂತಿತು. ಕುದುರೆಗೆ ಗಾಂಧಿ ಗೊತ್ತಿಲ್ಲವಲ್ಲ, ಅದು ಒಮ್ಮೆ ತಲೆ ಕೊಡವಿತು. ಆ ಎರಡು ನಿಮಿಷ ಇಡೀ ಬೀದಿಯಲ್ಲಿ ಕೇಳಿಸಿದ್ದು ಅದರ ಕೊರಳಿನ ಗೆಜ್ಜೆಯೊಂದೇ. ‘ಯಾರು ಸತ್ತರವ್ವಾ?’ ಎಂದು ಪಿಸುಗುಟ್ಟಿದ್ದಕ್ಕೆ ಅವ್ವ ನನ್ನ ಬಾಯಿಯ ಮೇಲೆ ಕೈಯಿಟ್ಟಳು. ಅವಳಿಗೆ ಓದಲು ಬರೆಯಲು ಬರುತ್ತಿರಲಿಲ್ಲ. ಆ ದಿನ ಯಾವುದೆಂದು ಗೊತ್ತಿತ್ತು.

ಮಿಲ್ಲು ಮುಚ್ಚಿ ಬಹಳ ವರ್ಷವಾಯಿತು. ಆ ಜಾಗ ಸೈಟುಗಳಾಗಿ ಹಂಚಿಹೋಗಿದೆ. ನಾನು ಹಳೆಯದನ್ನು ನೆನೆದು ಅಳುವವಳಲ್ಲ. ಮಿಲ್ಲಿನ ಹತ್ತಿಯ ಧೂಳು ಅಪ್ಪನ ಜೊತೆಗಾರರ ಎದೆಗೆ ಏನು ಮಾಡಿತೆಂದು ಕಂಡಿದ್ದೇನೆ. ಆದರೆ ಆ ಕೂಗು ನಿಂತ ಮೇಲೆ ಅದರ ಜಾಗಕ್ಕೆ ಊರು ಏನನ್ನೂ ತರಲಿಲ್ಲ.

ಈ ಮೌನ ಮಿಲ್ಲಿನ ಮಾಲೀಕರ ಔದಾರ್ಯವಾಗಿರಲಿಲ್ಲ, ಸರ್ಕಾರದ್ದೇ ಸೂಚನೆ. ಜನವರಿ 30ರಂದು ಹನ್ನೊಂದು ಗಂಟೆಗೆ ದೇಶದಾದ್ಯಂತ ಕೆಲಸವನ್ನೂ ಓಡಾಟವನ್ನೂ ಎರಡು ನಿಮಿಷ ನಿಲ್ಲಿಸಬೇಕು, ಸಾಧ್ಯವಿರುವ ಕಡೆ 10.59ರಿಂದ 11.00ರವರೆಗೆ ಸೈರನ್ ಕೂಗಿಸಬೇಕು, 11.02ಕ್ಕೆ ಮತ್ತೆ ಕೂಗಿಸಿ ಬಿಡುಗಡೆ ಕೊಡಬೇಕು ಎಂದು ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗೆ ಬರೆಯುತ್ತದೆ. ಕೆಲವು ಕಚೇರಿಗಳಲ್ಲಿ ಮಾತ್ರ ಮೌನಾಚರಣೆ ನಡೆದು, ಹೊರಗೆ ಜನ ಈ ದಿನದ ಅರಿವೇ ಇಲ್ಲದೆ ತಮ್ಮ ಪಾಡಿಗೆ ಓಡಾಡುತ್ತಿರುತ್ತಾರೆ ಎಂದು ಆ ಸೂಚನೆಯಲ್ಲೇ ಬೇಸರಪಟ್ಟುಕೊಂಡದ್ದೂ ಉಂಟು. ಹೊರಗಿನ ಜನಕ್ಕೆ ಗೊತ್ತಾಗಬೇಕಾದರೆ ಹೊರಗೆ ಕೇಳಿಸಬೇಕು. ನಮ್ಮ ಊರಿನಲ್ಲಿ ಈಗ ಹೊರಗೆ ಕೇಳಿಸುವಂಥದ್ದು ಏನೂ ಇಲ್ಲ.

ಈ ವರ್ಷ ಕಂಡದ್ದನ್ನು ಹೇಳುತ್ತೇನೆ.

ಬೆಳಗಿನ ಆರೂವರೆಗೆ ನಾನು ಉದ್ಯಾನದಲ್ಲಿ ವಾಕಿಂಗ್ ಹೋಗುವುದುಂಟು. ಗಾಂಧಿ ಪ್ರತಿಮೆಗೆ ಅಲ್ಯೂಮಿನಿಯಂ ಏಣಿ ಆನಿಸಿಕೊಂಡು ಪೌರಕಾರ್ಮಿಕ ಹೆಂಗಸೊಬ್ಬಳು ಮೇಲೆ ಹತ್ತಿದ್ದಳು. ವರ್ಷವಿಡೀ ಕಾಗೆ ಪಾರಿವಾಳಗಳು ಮಾಡಿದ್ದನ್ನು ತೊಳೆಯಬೇಕಿತ್ತು. ಕೆಳಗಿನಿಂದ ಏಣಿ ಹಿಡಿಯಲು ಯಾರೂ ಇರಲಿಲ್ಲವೆಂದು ನಾನೇ ಹಿಡಿದು ನಿಂತೆ. ಅವಳು ಸೊಂಟದಿಂದ ಹಲ್ಲುಜ್ಜುವ ಹಳೇ ಬ್ರಷ್ ತೆಗೆದಳು. ‘ಕನ್ನಡಕದ ಸಂದೀಗೆ ಬಟ್ಟೆ ಹೋಗಲ್ಲಮ್ಮಾ, ಮನೆಯಿಂದ ತಂದೀನಿ’ ಅಂದಳು. ಅದರಲ್ಲಿ ಕನ್ನಡಕದ ಸುತ್ತ, ಕಿವಿಯ ಹಿಂದೆ, ಕೋಲು ಹಿಡಿದ ಬೆರಳುಗಳ ನಡುವೆ ಮಗುವಿಗೆ ಸ್ನಾನ ಮಾಡಿಸಿದ ಹಾಗೆ ತಿಕ್ಕಿದಳು. ಇಳಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಬಲಗಣ್ಣಿನ ಕಡೆ ಇನ್ನೂ ಸ್ವಲ್ಪ ಇದೆ ಎಂದು ಮತ್ತೆ ಹತ್ತಿದಳು.

ಕಾರ್ಯಕ್ರಮ ಹತ್ತೂವರೆಗೆ ಎಂದು ಆಹ್ವಾನಪತ್ರಿಕೆಯಲ್ಲಿತ್ತು. ಹತ್ತೂ ಇಪ್ಪತ್ತಕ್ಕೆ ನಾನು ಮರಳಿ ಹೋದಾಗ ಅದೇ ಹೆಂಗಸು ಉದ್ಯಾನದ ಗೇಟಿನ ಹೊರಗೆ ಫುಟ್‌ಪಾತಿನ ಮೇಲೆ ಪೊರಕೆ ಹಿಡಿದು ಕೂತಿದ್ದಳು. ಒಳಗೆ ಬಾ ಎಂದೆ. ‘ಫಂಕ್ಷನ್ ಮುಗಿದಮ್ಯಾಲೆ ಹೂವು ಗುಡಿಸಾಕೆ ಕರೀತಾರಂತೆ, ಅಲ್ಲೀಗಂಟ ಹೊರಗಿರ್ರಿ ಅಂದಾರೆ’ ಎಂದಳು. ಹಾಗೆ ಹೇಳಿದವರು ಕೆಟ್ಟವರಿರಲಿಕ್ಕಿಲ್ಲ. ಗಣ್ಯರು ಬರುವಾಗ ಪೊರಕೆ ಕಾಣಬಾರದೆನ್ನುವುದು ಯಾರೂ ಬರೆಯದೆ ಎಲ್ಲರೂ ಪಾಲಿಸುವ ನಿಯಮ. ಪೊರಕೆಯನ್ನು ಅಷ್ಟು ಪ್ರೀತಿಸಿದ ಮನುಷ್ಯನ ಪ್ರತಿಮೆಯ ಮುಂದೆಯೂ ಆ ನಿಯಮಕ್ಕೆ ರಜೆಯಿಲ್ಲ.

ಹನ್ನೊಂದಾಯಿತು. ಮುಖ್ಯ ಅತಿಥಿಗಳು ಬಂದಿರಲಿಲ್ಲ. ಎರಡು ಶಾಲೆಗಳಿಂದ ಕರೆತಂದ ಮಕ್ಕಳು ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದವು. ನಾನು ಸಂಘಟಕರೊಬ್ಬರ ಹತ್ತಿರ ಹೋಗಿ, ಹನ್ನೊಂದಕ್ಕೆ ಮೌನ ಆಚರಿಸಿಬಿಡೋಣ, ಅತಿಥಿಗಳು ಬಂದಾಗ ಭಾಷಣ ಇಟ್ಟುಕೊಳ್ಳಿ ಎಂದೆ. ‘ಮೇಡಂ, ಅವರಿಲ್ಲದೆ ಹೇಗೆ ಮೌನ ಮಾಡೋದು?’ ಎಂದರು. ಉತ್ತರ ಹೊಳೆಯಲಿಲ್ಲ, ಸುಮ್ಮನೆ ಬಂದು ಮಕ್ಕಳ ಸಾಲಿನ ಹಿಂದೆ ನಿಂತೆ. ನನ್ನ ಮಟ್ಟಿಗೆ ಆ ದಿನದ ಎರಡು ನಿಮಿಷ ಅದೇ. ಹನ್ನೊಂದೂ ನಲವತ್ತಕ್ಕೆ ಕಾರುಗಳು ಬಂದವು. ಹಾರ ಹಾಕುವ ಸರದಿ, ಸರದಿ ತಪ್ಪಿದವರ ಮುನಿಸು, ಫೋಟೋ, ಇನ್ನೊಂದು ಫೋಟೋ. ಆಮೇಲೆ ಮೈಕಿನಲ್ಲಿ ‘ಎರಡು ನಿಮಿಷ ಮೌನ’ ಎಂದರು. ಪರೀಕ್ಷಾ ಕೊಠಡಿಗಳಲ್ಲಿ ಮೇಲ್ವಿಚಾರಣೆ ಮಾಡಿ ಮಾಡಿ ಗಡಿಯಾರ ನೋಡುವ ಚಟ ನನಗೆ. ಮೂವತ್ತೇಳು ಸೆಕೆಂಡಿಗೆ ‘ಧನ್ಯವಾದಗಳು’ ಬಂತು. ಆ ಮೂವತ್ತೇಳು ಸೆಕೆಂಡಿನಲ್ಲೂ ಗೇಟಿನಾಚೆ ಹಾರ್ನುಗಳು ನಿಂತಿರಲಿಲ್ಲ. ನಿಲ್ಲಬೇಕೆಂದು ಅವರಿಗೆ ಹೇಳಿದವರ್ಯಾರು?

ಕೊನೆಗೆ ಮಕ್ಕಳಿಂದ ಶಾಂತಿ ಪ್ರತಿಜ್ಞೆ ಮಾಡಿಸಿದರು. ಬಲಗೈ ಮುಂದೆ ಚಾಚಿ ಎಲ್ಲ ಹೇಳಿದವು: ಜಗತ್ತಿನಲ್ಲಿ ಶಾಂತಿ, ಸೌಹಾರ್ದ, ಸಹಬಾಳ್ವೆ. ಇಂಥ ಪ್ರತಿಜ್ಞೆಯನ್ನು ನಾನೇ ಎಷ್ಟೋ ವರ್ಷ ಮಾಡಿಸಿದ್ದೇನೆ, ಆದ್ದರಿಂದ ಈ ದೂರಿನಲ್ಲಿ ನನ್ನದೂ ಪಾಲಿದೆ. ಅದನ್ನು ಮುರಿಯುವುದು ಯಾರಿಂದಲೂ ಸಾಧ್ಯವಿಲ್ಲ. ಯಾಕೆಂದರೆ ಅದರಲ್ಲಿ ಯಾರೂ ಯಾರಿಗೂ ಏನನ್ನೂ ಮಾತುಕೊಟ್ಟಿರುವುದಿಲ್ಲ.

ಮನೆಗೆ ಬರುವ ದಾರಿಯಲ್ಲಿ ಕೋಳಿ ಅಂಗಡಿ. ಮಾಲೀಕ ನನ್ನ ಹಳೇ ವಿದ್ಯಾರ್ಥಿ. ಶಟರ್ ಎಳೆದು ಅದರ ಮುಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದ. ಸರ್ವೋದಯ ದಿನ ಪ್ರಾಣಿವಧೆ, ಮಾಂಸ ಮಾರಾಟ ನಿಷೇಧವೆಂದು ಬೆಂಗಳೂರೂ ಸೇರಿ ನಮ್ಮ ಹಲವು ನಗರಗಳಲ್ಲಿ ಆದೇಶ ಹೊರಡುತ್ತದಲ್ಲ, ಅದರ ಪ್ರಕಾರ. ‘ನೋಡ್ರಿ ಮೇಡಂ, ಗಾಂಧಿ ತೀರಿಕೊಂಡ ದಿನ ಇಡೀ ಬಜಾರದಾಗೆ ಬಾಗಿಲು ಹಾಕಿದವರು ನಾವಿಷ್ಟೇ ಮಂದಿ’ ಎಂದು ನಕ್ಕ. ದೂರಲಿಲ್ಲ, ನಕ್ಕ. ನನಗೆ ನಗು ಬರಲಿಲ್ಲ.

ಮಾನ್ಯರೇ, ತಪ್ಪು ತಿಳಿಯಬೇಡಿ. ನಾನು ಸಸ್ಯಾಹಾರಿ, ಆ ಆದೇಶ ರದ್ದು ಮಾಡಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಕೇಳುವುದಿಷ್ಟೇ: ಅಹಿಂಸೆಯ ಹೆಸರಿನಲ್ಲಿ ನಗರ ಹೊರಡಿಸುವ ಆದೇಶಗಳಲ್ಲಿ ಜಾರಿಯಾಗುವುದು ಇದೊಂದೇ ಏಕೆ? ದಿನದ ದುಡಿಮೆ ಬಿಡುವವರು ಅವರಷ್ಟೇ ಏಕೆ? ಎರಡು ನಿಮಿಷ ವಾಹನ ನಿಲ್ಲಿಸಿ ಎಂಬ ಸೂಚನೆಯೂ ಕಾಗದದ ಮೇಲಿದೆ. ಅದಕ್ಕೆ ಯಾರೂ ದಿನದ ಕೂಲಿ ಕಳೆದುಕೊಳ್ಳಬೇಕಿಲ್ಲ. ಅದೇಕೆ ಜಾರಿಯಾಗುವುದಿಲ್ಲ?

ಇನ್ನು ಶಾಂತಿ ಸಭೆಯ ಮಾತು. ಗಣೇಶನ ಹಬ್ಬಕ್ಕೆ ಮುಂಚೆ, ಬಕ್ರೀದ್ ಈದ್ ಮಿಲಾದ್‌ಗೆ ಮುಂಚೆ ಪೊಲೀಸ್ ಠಾಣೆಯಲ್ಲಿ ಶಾಂತಿ ಸಭೆ ನಡೆಯುವುದು ನಿಮಗೆ ಗೊತ್ತೇ ಇದೆ. ನಿಮ್ಮ ಅಧಿಕಾರಿಗಳೂ ಬಂದು ಕೂರುತ್ತಾರೆ. ಎರಡು ವರ್ಷದ ಹಿಂದೆ ನಮ್ಮ ಬಡಾವಣೆಯ ಪರವಾಗಿ ನನ್ನನ್ನೂ ಕರೆದಿದ್ದರು. ಅರವತ್ತು ಜನರಲ್ಲಿ ಹೆಂಗಸರು ಇಬ್ಬರು, ಇನ್ನೊಬ್ಬರು ಮಹಿಳಾ ಕಾನ್‌ಸ್ಟೆಬಲ್. ಮುಂದಿನ ಸಾಲಿನಲ್ಲಿ ಎರಡೂ ಕಡೆಯ ಮುಖಂಡರು. ಹಿಂದಿನ ವರ್ಷ ಯಾರ ಡಿಜೆಯ ಸದ್ದಿನಿಂದ ಜಗಳ ಹತ್ತಿತೋ ಅವರೂ, ಯಾರ ಹುಡುಗರು ಕಲ್ಲು ಎತ್ತಿದರೋ ಅವರೂ. ಬಿಸ್ಕತ್ತು ತಿಂದು, ಅಣ್ಣತಮ್ಮಂದಿರಂತೆ ಇದ್ದೇವೆ ಎಂದು ಒಬ್ಬರಿಗೊಬ್ಬರು ಶಾಲು ಹೊದಿಸಿದರು. ಕಲ್ಲು ಬಿದ್ದಾಗ ಮೂರು ದಿನ ಗಾಡಿ ಹಚ್ಚಲಾಗದೆ ಹೂವೆಲ್ಲ ಬಾಡಿಸಿಕೊಂಡ ಹೂವಿನ ಹೆಂಗಸನ್ನು ಯಾರೂ ಕರೆದಿರಲಿಲ್ಲ. ಅವಳಿಗೆ ಎಷ್ಟು ನಷ್ಟವಾಯಿತೆಂದು ಆ ಸಭೆಯ ನಡಾವಳಿಯಲ್ಲಿ ಒಂದು ಸಾಲೂ ಇರಲಾರದು. ನಾನು ಎದ್ದು ಆ ಮಾತು ತೆಗೆದಾಗ ‘ಅದು ಈ ಸಭೆಯ ವಿಷಯವಲ್ಲ’ ಎಂದರು. ಸಭೆಯ ವಿಷಯವೇನೆಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಾಗಿಲ್ಲ.

ನಾನು ಕೇಳಬೇಕಾದ್ದಕ್ಕೆ ಬರುವ ಮುನ್ನ ಒಂದು ಹಳೇ ಕಾಗದದ ಬಗ್ಗೆ ಹೇಳಬೇಕು. ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ, ನಿವೃತ್ತಿಯ ಮೇಲೆ ಕೇಳುವವರಿಲ್ಲ. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

1948ರ ಜನವರಿ 13ರಂದು ಗಾಂಧಿ ದೆಹಲಿಯ ಬಿರ್ಲಾ ಭವನದಲ್ಲಿ ಉಪವಾಸ ಕೂತರು. ವಯಸ್ಸು 78. ಊರು ನಿರಾಶ್ರಿತರಿಂದ ತುಂಬಿತ್ತು. ಪಶ್ಚಿಮ ಪಂಜಾಬಿನಲ್ಲಿ ಮನೆಮಠ, ಹೆಂಡತಿ ಮಕ್ಕಳನ್ನು ಕಳೆದುಕೊಂಡು ಬಂದವರ ಸಿಟ್ಟು ಸುಳ್ಳಿನದಾಗಿರಲಿಲ್ಲ. ಆ ಸಿಟ್ಟು ಹೋಗಿ ಬಿದ್ದದ್ದು ಅದಕ್ಕೆ ಕಾರಣರಲ್ಲದ ದೆಹಲಿಯ ಮುಸ್ಲಿಮರ ಮೇಲೆ. ಎಷ್ಟೋ ಜನ ಹಿಂದಿನ ಸೆಪ್ಟೆಂಬರ್‌ನಲ್ಲಿ ಮನೆಬಿಟ್ಟು ಪುರಾನಾ ಕಿಲಾದಲ್ಲಿ, ಹುಮಾಯೂನನ ಗೋರಿಯ ಆವರಣದಲ್ಲಿ ಆಶ್ರಯ ಪಡೆದಿದ್ದರು. ಐದು ದಿನ ಕಳೆದ ಮೇಲೆ, 18ರಂದು, ಉಪವಾಸ ನಿಂತಿತು. ಮೌಲಾನಾ ಆಜಾದರು ಕಿತ್ತಳೆ ರಸ ಕೊಟ್ಟರು. ಇಷ್ಟನ್ನು ಪುಸ್ತಕಗಳು ಹೇಳುತ್ತವೆ. ಉಪವಾಸ ನಿಂತದ್ದು ಯಾವ ಕಾಗದಕ್ಕೆ ಎಂಬುದನ್ನು ಹೇಳುವುದು ಕಡಿಮೆ.

ರಾಜೇಂದ್ರ ಪ್ರಸಾದರ ಮುಂದಾಳತ್ವದ ಶಾಂತಿ ಸಮಿತಿ ಬರೆದ ಆ ಕಾಗದಕ್ಕೆ ಹಿಂದೂ, ಮುಸ್ಲಿಂ, ಸಿಖ್ ಮುಖಂಡರೆಲ್ಲ ಸಹಿ ಹಾಕಿದ್ದರು. ಅದರಲ್ಲಿ ವಿಶ್ವಶಾಂತಿಯ ಮಾತಿಗಿಂತ ಓಣಿಗಳ ಹೆಸರು ಹೆಚ್ಚಿತ್ತು. ಮೆಹ್ರೌಲಿಯ ಖ್ವಾಜಾ ಕುತುಬುದ್ದೀನ್ ದರ್ಗಾದ ಉರುಸ್ ಹಿಂದಿನ ವರ್ಷಗಳಂತೆ ಈ ವರ್ಷವೂ ನಡೆಯುತ್ತದೆ. ಸಬ್ಜಿ ಮಂಡಿ, ಕರೋಲ್ ಬಾಗ್, ಪಹಾಡ್‌ಗಂಜ್‌ಗಳಲ್ಲಿ ಮುಸ್ಲಿಮರು ಮೊದಲಿನಂತೆ ಓಡಾಡಬಹುದು. ಆಕ್ರಮಿಸಿಕೊಂಡ ಮಸೀದಿಗಳನ್ನು ಬಿಟ್ಟುಕೊಡುತ್ತೇವೆ. ಊರು ಬಿಟ್ಟುಹೋದವರು ಮರಳಿ ಬರುವುದಾದರೆ ನಮ್ಮ ಆಕ್ಷೇಪವಿಲ್ಲ, ಅವರು ಮೊದಲಿನಂತೆ ವ್ಯಾಪಾರ ಮಾಡಬಹುದು. ಕೊನೆಯ ಭರವಸೆಯಂತೂ ನನ್ನ ಮಕ್ಕಳಿಗೆ ನಾನು ಬಾಯಿಪಾಠ ಮಾಡಿಸುತ್ತಿದ್ದದ್ದು: ಇದನ್ನೆಲ್ಲ ಪೊಲೀಸರ, ಸೇನೆಯ ಬಲದಿಂದಲ್ಲ, ನಮ್ಮ ಸ್ವಂತ ಪ್ರಯತ್ನದಿಂದ ಮಾಡುತ್ತೇವೆ.

ಆಮೇಲಿನ ಹನ್ನೆರಡು ದಿನ ನೋಡಿ. 20ರಂದು ಪ್ರಾರ್ಥನಾ ಸಭೆಯ ಹತ್ತಿರ ಬಾಂಬು ಸಿಡಿಯಿತು. ಆದರೂ 27ರಂದು, ಉಪವಾಸದಿಂದ ಇನ್ನೂ ಸುಧಾರಿಸಿಕೊಳ್ಳದ ಮೈಯಲ್ಲಿ, ಗಾಂಧಿ ಮೆಹ್ರೌಲಿಗೆ ಹೋದರು. ಕಾಗದದಲ್ಲಿದ್ದ ಉರುಸಿನ ಸಾಲು ನಡೆದಿದೆಯೇ ಎಂದು ನೋಡಲು ಹೋದರೆಂದೇ ನಾನು ಅರ್ಥಮಾಡಿಕೊಂಡಿದ್ದೇನೆ. ಉರುಸ್ ನಡೆಯುತ್ತಿತ್ತು. ದರ್ಗಾದಲ್ಲಿ ಹಿಂದೂಗಳೂ ಸಿಖ್ಖರೂ ಇದ್ದರು. ಮೂರು ದಿನದ ಮೇಲೆ, 30ರ ಸಂಜೆ 5.17ಕ್ಕೆ, ಪ್ರಾರ್ಥನೆಗೆ ನಡೆದುಹೋಗುವಾಗ ಗುಂಡು ಬಿತ್ತು.

ನಮ್ಮ ಮೌನ ಆ 30ರದು ಮಾತ್ರ. 18ನ್ನೂ 27ನ್ನೂ ಬಿಟ್ಟುಬಿಟ್ಟಿದ್ದೇವೆ. ಮಾತು ಕೊಡುವುದನ್ನು ಬಿಟ್ಟೆವು, ಕೊಟ್ಟ ಮಾತು ನಡೆದಿದೆಯೇ ಎಂದು ಹೋಗಿ ನೋಡುವುದನ್ನು ಬಿಟ್ಟೆವು, ಹಾರ ಹಾಕುವುದನ್ನು ಇಟ್ಟುಕೊಂಡೆವು. ದೆಹಲಿಯ ಆ ಕಾಗದಕ್ಕೆ ವಿಳಾಸವಿತ್ತು, ಪಹಾಡ್‌ಗಂಜ್‌ಗೆ ಹೋಗಿ ಸುಳ್ಳೋ ನಿಜವೋ ಎಂದು ಯಾರು ಬೇಕಾದರೂ ನೋಡಿಬರಬಹುದಿತ್ತು. ನಮ್ಮ ಮಕ್ಕಳು ಕೈಚಾಚಿ ಹೇಳಿದ ಶಾಂತಿಯನ್ನು ಎಲ್ಲಿ ಹೋಗಿ ನೋಡುವುದು? ಅದಕ್ಕೊಂದು ಬೀದಿಯಿಲ್ಲ, ಬಾಗಿಲ ಸಂಖ್ಯೆಯಿಲ್ಲ.

ಆಚರಣೆಯಿಂದ ಊರಿಗೇನಾದರೂ ಉಳಿಯಬೇಕೆಂದು ಬಯಸುವುದು ಅತಿಯಾಸೆಯಲ್ಲ. 1924ರ ಡಿಸೆಂಬರ್‌ನಲ್ಲಿ ಗಾಂಧಿ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆಯಿತು. ಅವರು ಅಧ್ಯಕ್ಷರಾದದ್ದು ಅದೊಂದಕ್ಕೇ. ಬಂದ ಜನಕ್ಕೆ ನೀರು ಬೇಕಲ್ಲ ಎಂದು ತೋಡಿದ ಬಾವಿ ಟಿಳಕವಾಡಿಯಲ್ಲಿ ಇಂದಿಗೂ ಇದೆ, ಜನ ಕಾಂಗ್ರೆಸ್ ಬಾವಿ ಅನ್ನುತ್ತಾರೆ. ನೂರು ವರ್ಷ ದಾಟಿತು. ನಮ್ಮ ಈ ವರ್ಷದ ಆಚರಣೆಯಿಂದ ಉಳಿದದ್ದು ಒಂದು ಫ್ಲೆಕ್ಸು, ಅದೂ ಮರುದಿನ ಕಬ್ಬಿನ ಹಾಲಿನ ಗಾಡಿಯ ಮೇಲೆ ಮರೆಯಾಗಿ ಉಪಯೋಗಕ್ಕೆ ಬಂತು. ಅಷ್ಟಾದರೂ ನೆರಳು ಕೊಟ್ಟಿತು ಅನ್ನಿ.

ಆದ್ದರಿಂದ ನನ್ನ ಕೋರಿಕೆಗಳು.

ಮೊದಲು ಸೈರನ್. ಮುಂದಿನ ಜನವರಿ 30ರಂದು 10.59ಕ್ಕೆ ಊರಿಗೆ ಕೇಳಿಸುವ ಹಾಗೆ ಸೈರನ್ ಕೂಗಬೇಕು. ಅಗ್ನಿಶಾಮಕ ಠಾಣೆಯಿದೆ, ಕಾರ್ಖಾನೆಗಳಿವೆ, ಕಸದ ಗಾಡಿಗಳಲ್ಲಿ ದಿನಾ ಬೆಳಿಗ್ಗೆ ಹಾಡು ಹಾಕುವ ಸ್ಪೀಕರ್‌ಗಳಿವೆ. ಊರಿನ ಎಲ್ಲ ಓಣಿಗಳಿಗೂ ತಲುಪುವ ದನಿ ನಿಮ್ಮ ಕೈಯಲ್ಲೇ ಇದೆ, ಕಸದ ಗಾಡಿಗಳಿಗಾಗಿ ಬೇರೆ ಯಾವ ಇಲಾಖೆಯನ್ನೂ ಕೇಳಬೇಕಾಗಿಲ್ಲ. ಸಂಚಾರ ಪೊಲೀಸರಿಗೆ ಒಂದು ಪತ್ರ ಬರೆದರೆ ಎರಡು ನಿಮಿಷ ಎಲ್ಲ ಸಿಗ್ನಲ್ಲೂ ಕೆಂಪಾಗುತ್ತದೆ. ಆಂಬುಲೆನ್ಸಿಗೆ ದಾರಿ ಬಿಟ್ಟು ಉಳಿದವರು ನಿಲ್ಲೋಣ. ಮೊದಲ ವರ್ಷ ಅರ್ಧ ಜನ ಬೈಯುತ್ತಾರೆ. ಮೂರನೇ ವರ್ಷಕ್ಕೆ ಯಾರಾದರೊಬ್ಬ ತಾಯಿ ಮಗುವಿನ ಬಾಯಿ ಮೇಲೆ ಕೈಯಿಟ್ಟಾಳು. ಅತಿಥಿಗಳು ತಡವಾದರೆ ಅವರು ದಾರಿಯಲ್ಲೇ ನಿಲ್ಲಲಿ. ಅವರಿಗೂ ಅದೇ ಹನ್ನೊಂದು ಗಂಟೆ.

ಎರಡನೆಯದು ದೊಡ್ಡದು. ಪ್ರತಿಜ್ಞೆಗೆ ವಿಳಾಸ ಬರೆಯಿರಿ. ಜನವರಿ 30ರಿಂದ ಚಿತಾಭಸ್ಮ ವಿಸರ್ಜನೆಯ ಫೆಬ್ರುವರಿ 12ರವರೆಗಿನ ದಿನಗಳನ್ನು ಗಾಂಧಿವಾದಿಗಳು ಸರ್ವೋದಯ ಪಕ್ಷವೆಂದು ಆಚರಿಸಿಕೊಂಡು ಬಂದಿದ್ದಾರೆ. (ಪಕ್ಷ ಅಂದರೆ ಹದಿನೈದು ದಿನದ ಪಕ್ಷ; ಟಿಕೆಟ್ ಕೇಳಲು ಯಾರೂ ಬರುವುದು ಬೇಡ.) ನಮ್ಮ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲೂ ಆ ಚಿತಾಭಸ್ಮದ ಒಂದು ಪಾಲು ಕಾವೇರಿಗೆ ಸೇರಿದೆ. ಈ ಎರಡು ವಾರದಲ್ಲಿ ವಾರ್ಡಿಗೊಂದು ಸಭೆ ಸೇರಿಸಿ. ಹಿಂದಿನ ವರ್ಷ ಎಲ್ಲೆಲ್ಲಿ ಜಗಳವಾಯಿತು, ಯಾತಕ್ಕಾಯಿತು, ಯಾರಿಗೆ ನಷ್ಟವಾಯಿತು ಎಂದು ಮೊದಲು ಕೇಳಿಸಿಕೊಳ್ಳಿ. ಆಮೇಲೆ ಆಯಾ ವಾರ್ಡಿನವರೇ ನಾಲ್ಕು ಸಾಲು ಬರೆದು ಸಹಿ ಹಾಕಲಿ: ಇಂಥ ಗುಡಿಯಿಂದ ಇಂಥ ಮಸೀದಿಯವರೆಗೆ ಯಾವ ಮೆರವಣಿಗೆಯೂ ನಿಂತು ಸದ್ದು ಏರಿಸುವುದಿಲ್ಲ, ಇಂಥ ಕಟ್ಟಡಗಳ ಮೇಲಿಂದ ಯಾರೂ ಏನೂ ಎಸೆಯದಂತೆ ಆ ಮನೆಗಳವರೇ ನೋಡಿಕೊಳ್ಳುತ್ತಾರೆ, ‘ಇಂಥವರ ಅಂಗಡಿಗೆ ಹೋಗಬೇಡಿ’ ಎಂಬ ಕರಪತ್ರ ನಮ್ಮ ಬೀದಿಯಲ್ಲಿ ಹಂಚಲು ಬಿಡುವುದಿಲ್ಲ. ಮುಂದಿನ ವರ್ಷದ ಜನವರಿ 30ರಂದು ಭಾಷಣದ ಬದಲು ಆ ಕಾಗದಗಳನ್ನು ಓದಿ, ಯಾವ ಸಾಲು ನಡೆಯಿತು, ಯಾವುದು ಮುರಿಯಿತು ಎಂದು ಹೇಳಿ. ಮುರಿದದ್ದನ್ನು ಓದುವಾಗ ನಾಚಿಕೆಯಾಗುತ್ತದೆ. ಆಗಲಿ.

ಪಾಲಿಕೆಯೂ ತನ್ನ ಸಾಲು ಬರೆಯಬೇಕು. ನಗರದಲ್ಲಿ ನಡೆಯುವ ಹಿಂಸೆಯೆಲ್ಲ ಎರಡು ಧರ್ಮದವರ ನಡುವಿನದಲ್ಲ. ಸುರಕ್ಷಾ ಸಾಧನಗಳಿಲ್ಲದೆ ಮ್ಯಾನ್‌ಹೋಲಿಗೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಹಾಗಿದ್ದೂ ಸಾವು ನಿಲ್ಲಲಿಲ್ಲವೆಂದೇ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ‘ನಮ್ಮ ನಗರದಲ್ಲಿ ಈ ವರ್ಷ ಯಾರೂ ಇಳಿಯುವುದಿಲ್ಲ, ಗುತ್ತಿಗೆದಾರನ ಕೈಯಾಳೂ ಇಳಿಯುವುದಿಲ್ಲ’ ಎಂದು ಆಯುಕ್ತರು ತಮ್ಮ ಸಹಿಯಲ್ಲಿ ಬರೆದು ಪ್ರತಿಮೆಯ ಪಕ್ಕದ ಫಲಕಕ್ಕೆ ಅಂಟಿಸಲಿ. ಕೋಳಿ ಅಂಗಡಿಯವನು ಒಂದು ದಿನದ ವ್ಯಾಪಾರ ಬಿಟ್ಟು ತನ್ನ ಪಾಲಿನದನ್ನು ಸಲ್ಲಿಸಿದ್ದಾನೆ, ಇದು ನಿಮ್ಮ ಪಾಲಿನದು.

ಶಾಂತಿ ಸಭೆಯನ್ನು ಠಾಣೆಯಿಂದ ಹೊರಗೆ ತನ್ನಿ. ಪೊಲೀಸರು ಬರಲಿ, ಹಿಂದಿನ ಸಾಲಿನಲ್ಲಿ ಕೂರಲಿ. ಶಾಲೆಯ ಅಂಗಳದಲ್ಲೋ ಸಮುದಾಯ ಭವನದಲ್ಲೋ ಸಂಜೆ ಕೆಲಸ ಮುಗಿಸಿದವರು ಬರುವ ಹೊತ್ತಿನಲ್ಲಿ ಸೇರಿಸಿ. ಅರ್ಧದಷ್ಟಾದರೂ ಹೆಂಗಸರಿರಲಿ. ಕರ್ಫ್ಯೂ ಹಾಕಿದಾಗ ಹಾಲಿಗೆ, ಔಷಧಿಗೆ ಅಲೆಯುವವರು ಅವರೇ. ಹೂವಿನವಳು, ಆಟೋದವರು, ತಳ್ಳುಗಾಡಿಯವರು ಮುಂದಿನ ಸಾಲಿನಲ್ಲಿ ಕೂರಲಿ. ಶಾಲು ಬೇಡ.

ಮತ್ತೊಂದು ಸಣ್ಣದು. ಪ್ರತಿಮೆ ತೊಳೆದವರು ಆ ದಿನ ಗೇಟಿನೊಳಗೆ ಇರಬೇಕು. ಅವರಿಗೆ ಸನ್ಮಾನ ಮಾಡಿ ಎಂದು ನಾನು ಕೇಳುತ್ತಿಲ್ಲ. ಸನ್ಮಾನವೆಂದರೆ ಮತ್ತೊಂದು ಫೋಟೋ. ಮೌನದ ಹೊತ್ತಿಗೆ ಎಲ್ಲರ ಜೊತೆ ನಿಲ್ಲಲಿ, ಏಣಿ ಹಿಡಿಯಲು ಇನ್ನೊಬ್ಬರನ್ನು ಕೊಡಿ, ಹಾರಗಳ ಬಜೆಟ್ಟಿನಲ್ಲಿ ಒಂದು ಒಳ್ಳೆಯ ಬ್ರಷ್ ಕೊಡಿಸಿ.

ಇದೆಲ್ಲ ಆಗುವ ಮಾತೇ ಎಂದು ನೀವು ಕೇಳಬಹುದು. ನನ್ನ ತಮ್ಮನೂ ಕೇಳಿದ: ‘ಸಹಿ ಹಾಕಿದ್ರೆ ಕಲ್ಲು ನಿಲ್ತಾವೇನಕ್ಕಾ?’ ಎಲ್ಲವೂ ನಿಲ್ಲುವುದಿಲ್ಲ. ಕಲ್ಕತ್ತೆಯಲ್ಲಿ 1947ರ ಆಗಸ್ಟಿನಲ್ಲಿ ಅಪ್ಪಿಕೊಂಡ ಹಿಂದೂ ಮುಸ್ಲಿಮರೇ ತಿಂಗಳು ತುಂಬುವುದರೊಳಗೆ ಮತ್ತೆ ಹೊಡೆದಾಡಿದರು. ಗಾಂಧಿ ಬೇಲಿಯಾಘಾಟಾದ ಮನೆಯಲ್ಲಿ ಸೆಪ್ಟೆಂಬರ್ 1ರಿಂದ ಉಪವಾಸ ಕೂತು, ನಗರದ ಮುಖಂಡರು ಬರೆದುಕೊಟ್ಟ ಮೇಲೆ 4ರಂದು ಮುಗಿಸಿದರು. ಗಲಭೆ ಮಾಡಿದವರೇ ಬಂದು ಆಯುಧ ಒಪ್ಪಿಸಿದ್ದೂ ಆಗಲೇ. ನಮ್ಮ ನಡುವೆ ಅಂಥ ಮನುಷ್ಯನಿಲ್ಲ, ನಿಜ. ಹಾಗಾಗಿಯೇ ಇನ್ನಷ್ಟು ಕಾಗದ ಬೇಕು, ಇನ್ನಷ್ಟು ಸಹಿ ಬೇಕು, ನಡೆದಿದೆಯೇ ಎಂದು ಹೋಗಿ ನೋಡುವ ಇನ್ನಷ್ಟು ಕಾಲುಗಳು ಬೇಕು.

ನಾವು ನಮ್ಮ ಬೀದಿಯ ಮಟ್ಟಿಗೆ ಶುರು ಮಾಡಿದ್ದೇವೆ. ಸಂತೆಬೀದಿಯ ಹನುಮಂತನ ಗುಡಿಯಿಂದ ಮಸೀದಿಯವರೆಗಿನ ದಾರಿಗೆ ನಾಲ್ಕು ಸಾಲಿನ ಕರಡು ಬರೆದು ಮನೆಮನೆಗೆ ಹೋಗುತ್ತಿದ್ದೇವೆ. ಹನ್ನೊಂದು ಸಹಿ ಬಿದ್ದಿವೆ. ಒಂಬತ್ತು ಮನೆಯವರು ‘ವಿಚಾರ ಮಾಡಿ ಹೇಳ್ತೀವಿ’ ಎಂದಿದ್ದಾರೆ, ಇಬ್ಬರು ಬಾಗಿಲು ಹಾಕಿಕೊಂಡರು. ಮೊದಲ ಸಹಿ ಕೋಳಿ ಅಂಗಡಿಯವನದು. ಎರಡನೆಯದು ಗುಡಿಯ ಪೂಜಾರಪ್ಪನವರದು. ಮೂರನೇ ಸಾಲಿನ ಒಂದು ಪದ ತಿದ್ದಿಸಿ, ಎರಡು ಸಲ ಓದಿಸಿ ಆಮೇಲೆ ಹಾಕಿದರು. ಅದರ ಪ್ರತಿಯನ್ನು ಈ ಪತ್ರದ ಜೊತೆ ನಮ್ಮ ಪಾಲಿಕೆಗೆ ಅಂಚೆಯಲ್ಲಿ ಕಳಿಸಿದ್ದೇನೆ. ಉಳಿದ ಪಾಲಿಕೆಗಳವರು ಕೇಳಿದರೆ ಅವರಿಗೂ ಕಳಿಸುತ್ತೇನೆ.

ಅಕ್ಟೋಬರ್ 2ರೊಳಗೆ ಉತ್ತರ ಬರೆಯುವ ಕೃಪೆ ಮಾಡಬೇಕು. ಜನವರಿಗೆ ಸೈರನ್ ದುರಸ್ತಿ ಮಾಡಿಸಲು ಅಷ್ಟು ಕಾಲವಾದರೂ ಬೇಕಾಗುತ್ತದೆ. ಹಣವಿಲ್ಲವೆಂದು ಬರೆಯುವುದಾದರೆ ಈ ವರ್ಷದ ಹಾರ, ಶಾಮಿಯಾನ, ಫ್ಲೆಕ್ಸಿನ ಬಿಲ್ಲುಗಳ ನಕಲನ್ನೂ ಅದರ ಜೊತೆಗಿಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ
ಸಂತೆಬೀದಿ